ತೊಪ್ಪೂರು ಘಾಟಿನಲ್ಲಿ ನಾನು ಒತ್ತದ ಬಟನ್

ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಷ್ಟರಲ್ಲಿ ಆ ಗಾಡಿ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಡ್ರೈವರ್ ಕಡೆಯ ಸಣ್ಣ ಗಾಜು ಒಡೆದುಹೋಗಿತ್ತು, ಆ ಕಂಡಿಗೆ ಒಂದು ಟವೆಲ್ ತುರುಕಿದ್ದರು. ಗಾಡಿ ಓಡಿಸುವ ಅಕ್ಕ ಇಳಿದು ಬಂದವಳೇ ನಮಸ್ಕಾರವಿಲ್ಲ, ಚೆನ್ನಾಗಿದ್ದೀಯಾ ಅನ್ನುವುದಿಲ್ಲ, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನೀ ಆಕಿದ ಕಳ್ಳ ಸ್ವಿಚ್ಚು ಎಲ್ಲೈತೆ ಅಂತ ನಂಗೇ ದಿನಾ ಮರ್ತೋಗ್ತಿತ್ತು ತಂಗೀ. ಆ ಬಡ್ಡಿಮಗ ಒಳಕ್ ಬಂದ, ಕೈ ಆಕ್ದ, ಗಾಡಿ ಸ್ಟಾರ್ಟ್ ಆಯ್ತು. ಅವ್ನಿಗೆ ನೀನೇ ಏಳ್ಕೊಟ್ಟಿದ್ದಾ?"

ನನಗೆ ಮೈ ಉರಿದುಹೋಯಿತು. ಸೇಲಂನ ಹೊರಗೆ ಲಾರಿ ಪಟ್ಟರೆಗಳ ಸಾಲಿನಲ್ಲಿ ನನ್ನದು ವೈರಿಂಗ್ ಅಂಗಡಿ. ಪಟ್ಟರೆ ಅಂದರೆ ನಮ್ಮ ಕಡೆ ವರ್ಕ್‌ಶಾಪು. ಮಗ್ಗದವರ ಮನೆಯ ಹೆಣ್ಣು ಲಾರಿಯ ಡ್ಯಾಶ್‌ಬೋರ್ಡ್ ಕೆಳಗೆ ನುಗ್ಗಿ ವೈರ್ ಎಳೆಯುತ್ತಾಳೆ ಅಂತ ನಕ್ಕವರೆಲ್ಲ ಈಗ ನನ್ನ ಬಳಿಗೇ ಬರುತ್ತಾರೆ. ಅಂಥ ನನಗೆ ಈ ಮಾತು. ಆದರೂ ಬಾಯಿ ಮುಚ್ಚಿಕೊಂಡು ಒಳಗೆ ಬಗ್ಗಿ ನೋಡಿದೆ. ನೋಡಿದ ಮೇಲೆ ಬಾಯಿ ತೆರೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಆ ಗಾಡಿಯ ವಿಷಯ ಮೊದಲು ಹೇಳಬೇಕು. ಹಳೆಯ ಟೆಂಪೋ ವ್ಯಾನನ್ನು ಮನೆಯಾಗಿ ಮಾಡಿಸಿಕೊಂಡಿದ್ದರು. ಹಿಂದೆ ಒಂದು ಮಂಚ, ಸಣ್ಣ ಗ್ಯಾಸ್ ಒಲೆ, ನೀರಿನ ಟ್ಯಾಂಕು, ಫ್ಯಾನು, ಮೇಲೆ ಸೋಲಾರ್ ಹಲಗೆ. ಇವನ್ನೆಲ್ಲ ಈಗ ಶೋಕಿಗೆ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ. ಇವರದು ಶೋಕಿಯಲ್ಲ. ಅಕ್ಕನ ಗಂಡ, ನಾನು ಅಣ್ಣ ಅಂತಲೇ ಕರೆಯುವುದು, ಲಾರಿ ಡ್ರೈವರ್ ಆಗಿದ್ದವರು. ಆಕ್ಸಿಡೆಂಟಿನಲ್ಲಿ ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಸಿಕ್ಕ ಬಾಡಿಗೆ ಮನೆಗೆಲ್ಲ ಮೆಟ್ಟಿಲು, ಬಚ್ಚಲಿಗೆಲ್ಲ ಇಕ್ಕಟ್ಟು ಬಾಗಿಲು. ಹೊತ್ತು ಇಳಿಸುವವರಿಲ್ಲದೆ ಅಣ್ಣ ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಗೋಡೆ ನೋಡಿಕೊಂಡು ಮಲಗಿದ್ದರಂತೆ. ಕೊನೆಗೆ ಅಕ್ಕ ಡ್ರೈವಿಂಗ್ ಕಲಿತಳು. ಗಾಡಿಯ ಹಿಂದಕ್ಕೆ ಗಾಲಿಕುರ್ಚಿ ಹತ್ತಿಸುವ ಹಲಗೆ, ಕುರ್ಚಿಯ ಎತ್ತರಕ್ಕೇ ಮಂಚ, ಅಣ್ಣ ಹಿಡಿದು ಏಳುವುದಕ್ಕೆ ಚಾವಣಿಯಲ್ಲಿ ಕಬ್ಬಿಣದ ಸರಳು, ಎಲ್ಲವೂ ಅವರ ಮೈಯ ಅಳತೆಗೇ ಆದದ್ದು. ಸೇಲಂ ಮಗ್ಗದ ಟವೆಲ್ಲು, ಲುಂಗಿ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದರು. ಗಾಡಿ ಕಳುವಾದರೆ ಅಣ್ಣ ಮತ್ತೆ ಆ ಕೋಣೆಗೆ ಹೋಗಬೇಕು. ಅಕ್ಕನ ಸಿಟ್ಟು ಅದರದ್ದು, ನನಗೂ ಅರ್ಥವಾಗುತ್ತಿತ್ತು.

ಹಿಂದಿನ ದಿನ ಮೇಚೇರಿ ಸಂತೆಯಲ್ಲಿ ಇಬ್ಬರೂ ಅಂಗಡಿ ಹಾಕಿಕೊಂಡು ಕೂತಿದ್ದಾಗ ಕಳ್ಳ ಗಾಜು ಒಡೆದು ಒಳಗೆ ಬಂದಿದ್ದಾನೆ. ಕೀ ಬದಲು ವೈರ್ ಸೇರಿಸಿದ್ದಾನೆ. ನಾನು ಹಾಕಿದ್ದ ಗುಟ್ಟಿನ ಸ್ವಿಚ್ಚನ್ನು ಒತ್ತಿದ್ದಾನೆ. ಓಣಿಯ ತುದಿಯವರೆಗೂ ಓಡಿಸಿಕೊಂಡು ಹೋದವನಿಗೆ ಎದುರು ಕುರಿಮಂದೆ ಬಂದಿದೆ. ಮೇಚೇರಿ ಕುರಿ ಹಾರನ್ನಿಗೆಲ್ಲ ಜಗ್ಗುವ ಜಾತಿಯಲ್ಲ. ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಹೋಗಲಾಗದೆ ಅವನು ಇಳಿದು ಓಡಿದ್ದಾನೆ. ಗಾಡಿಯನ್ನು ಉಳಿಸಿದ್ದು ಕುರಿ, ನನ್ನ ಸ್ವಿಚ್ಚಲ್ಲ.

ಸ್ವಿಚ್ಚು ಎಲ್ಲಿತ್ತು ಅಂದರೆ, ಡ್ಯಾಶ್‌ಬೋರ್ಡ್ ಮೇಲಿನ ದೇವರ ಪೀಠದ ಕೆಳಗೆ. ನಮ್ಮ ಸಾಲಿನಲ್ಲಿ ಎಲ್ಲರೂ ಹಾಕುವುದು ಅಲ್ಲೇ. ನನಗೆ ಕೆಲಸ ಕಲಿಸಿದವರು ಅಲ್ಲೇ ಹಾಕುತ್ತಿದ್ದರು, ಅವರಿಗೆ ಕಲಿಸಿದವರೂ ಅಷ್ಟೇ ಇರಬೇಕು. ದೇವರ ಕಾವಲು ಇರುತ್ತೆ, ಅಲ್ಲದೆ ಎಂಥ ಕಳ್ಳನಾದರೂ ಸಾಮಿ ಪಟವನ್ನು ಕಿತ್ತು ನೋಡುವುದಿಲ್ಲ ಅಂತ ಒಂದು ನಂಬಿಕೆ. ಯಾರೂ ಕೀಳಬೇಕಾಗಿಲ್ಲ, ಪೀಠದ ಹಿಂದಿನಿಂದ ಬೆರಳು ತೂರಿಸಿದರೆ ಸಾಕು. ಸೇಲಂ ಪಟ್ಟರೆಯಲ್ಲಿ ನಾಲ್ಕು ದಿನ ಗ್ರೀಸ್ ಮೆತ್ತಿಕೊಂಡವನಿಗೆ ಅದು ಗೊತ್ತಿರುತ್ತದೆ. ಅಂದರೆ ಬಂದವನು ನಮ್ಮವನೇ, ನಮ್ಮ ಸಾಲಿನಲ್ಲಿ ಕೆಲಸ ಮಾಡಿದವನೇ. ಎಲ್ಲರೂ ಒಂದೇ ಜಾಗದಲ್ಲಿ ಬಚ್ಚಿಟ್ಟರೆ ಅದನ್ನು ಗುಟ್ಟು ಅಂತ ಯಾವ ಬಾಯಲ್ಲಿ ಕರೆಯುವುದು?

"ಬುಡಕ್ಕಾ," ಅಂದೆ. "ಈ ಸಲ ಆ ಬ್ರಹ್ಮಂಗೂ ಸಿಗದಂಗೆ ಮಾಡ್ತೀನಿ."

"ಬ್ರಹ್ಮ ಬ್ಯಾಡ. ಕಳ್ಳಂಗೆ ಸಿಗದಂಗೆ ಮಾಡು, ಸಾಕು."

ಗಾಡಿಯನ್ನು ಒಳಗೆ ತೆಗೆದುಕೊಂಡೆ. ಅಣ್ಣ ಹಿಂದೆ ಮಂಚದ ಮೇಲೆಯೇ ಇದ್ದರು, ನಾನು ಮುಂದೆ ಮಲಗಿಕೊಂಡು ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚುತ್ತಿದ್ದೆ. ಹಳೆಯ ಸ್ವಿಚ್ಚಿನ ವೈರನ್ನು ಹಾಗೇ ಬಿಟ್ಟೆ. ಕಳ್ಳ ಬಂದು ಒತ್ತಿಕೊಳ್ಳಲಿ, ಅದರಿಂದ ಏನೂ ಆಗುವುದಿಲ್ಲ. ಡೀಸೆಲ್ ಹೋಗುವ ದಾರಿಯನ್ನು ಮುಚ್ಚಿ ತೆರೆಯುವ ಹೊಸ ರಿಲೇ ಹಾಕಿ, ಅದರ ಸ್ವಿಚ್ಚನ್ನು ಬೇರೆ ಕಡೆ ಕೂರಿಸಿದೆ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ, ಆ ಗಾಡಿ ಇನ್ನೂ ರಸ್ತೆಯ ಮೇಲಿದೆ. ಗೇರಿನ ಕೋಲಿಗೆ ಬೀಗ ಬೀಳುವ ಒಂದು ಕಬ್ಬಿಣದ ಕಡ್ಡಿಯನ್ನು ಪಕ್ಕದ ಲೇತ್ ಅಂಗಡಿಯವರು ಮಾಡಿಕೊಟ್ಟರು. ಅವರನ್ನು ನಾನು ಮಾವ ಅನ್ನುವುದು. ಗಾಡಿ ಅಲುಗಾಡಿದರೆ ಕಿರುಚುವ ಸೈರನ್ ಒಂದು. ಇವೆಲ್ಲದರ ಮೇಲೆ ಟ್ರ್ಯಾಕರ್.

ಟ್ರ್ಯಾಕರ್ ಅಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಒಳಗೆ ಸಿಮ್ ಇರುತ್ತದೆ. ಗಾಡಿ ಎಲ್ಲಿದೆ ಅಂತ ಫೋನಿನಲ್ಲಿ ಚುಕ್ಕಿ ತೋರಿಸುತ್ತದೆ. ನಾನು ತರಿಸಿದ್ದರಲ್ಲಿ ಇನ್ನೂ ಒಂದು ಸೌಕರ್ಯವಿತ್ತು. ಫೋನಿನಲ್ಲಿ ಕೆಂಪು ಬಟನ್ ಒತ್ತಿದರೆ, ಖಚಿತವೇ ಅಂತ ಒಮ್ಮೆ ಕೇಳಿ, ಗಾಡಿ ಎಲ್ಲೇ ಇರಲಿ ಇಂಜಿನ್ ನಿಲ್ಲಿಸಿಬಿಡುತ್ತದೆ. ಅಂಗಳದಲ್ಲಿ ಇಂಜಿನ್ ಓಡಲು ಬಿಟ್ಟು, ರಸ್ತೆಯಾಚೆಯ ಟೀ ಅಂಗಡಿಗೆ ಹೋಗಿ ನಿಂತು ಒತ್ತಿ ನೋಡಿದೆ. ಗಡಗಡ ಅಂದು ನಿಂತಿತು. ಟೀ ಅಂಗಡಿಯವನಿಗೂ ತೋರಿಸಿದೆ. ಅಷ್ಟು ಹೆಮ್ಮೆ ನನಗೆ! ಸಿಗ್ನಲ್ ಎಲ್ಲೆಲ್ಲಿ ಸಿಗುತ್ತೆ, ಎಲ್ಲಿ ಸಿಗುವುದಿಲ್ಲ ಅಂತ ಕೆಲವು ದಿನ ನಾನೇ ನೋಡಿ, ಆಮೇಲೆ ಅಕ್ಕನ ಫೋನಿಗೆ ಬದಲಾಯಿಸುವುದು ಅಂತ ಮಾತಾಯಿತು.

ಆ ಕೆಲವು ದಿನ ನನಗೆ ನೆಮ್ಮದಿ ಅನ್ನುವುದೇ ಇರಲಿಲ್ಲ. ಊಟಕ್ಕೆ ಕೂತರೂ ಆ ಚುಕ್ಕಿ, ಲಾರಿ ಕೆಳಗೆ ಮಲಗಿದ್ದರೂ ಆ ಚುಕ್ಕಿ. ಹೊಗೇನಕಲ್ ಕಡೆ ಹೋದಾಗ ಕಾಡಿನಲ್ಲಿ ಚುಕ್ಕಿ ಮಾಯವಾಗಿ ನಾನು ಅಕ್ಕನಿಗೆ ಫೋನ್ ಮೇಲೆ ಫೋನ್ ಮಾಡಿದೆ. ಸಿಗ್ನಲ್ ಬಂದ ಮೇಲೆ ಅವಳು, "ನಿಂದೇನು ಗಾಡಿ ಮ್ಯಾಲೆ ಕಣ್ಣೋ ನನ್ ಗಂಡನ್ ಮ್ಯಾಲೆ ಕಣ್ಣೋ?" ಅಂತ ಬೈದಳು.

ಅದರ ಮೇಲೆ ಸೈರನ್ ತಾಪತ್ರಯ. ಅಣ್ಣ ಮಲಗಿದ ಕಡೆಯೇ ಮಲಗಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಆಗಾಗ ಸರಳು ಹಿಡಿದು ಮಗ್ಗುಲು ಬದಲಾಯಿಸಬೇಕು. ಅವರು ಮಗ್ಗುಲು ತಿರುಗಿದರೆ ಸೈರನ್ ಕಿರುಚುವುದು. ಮಾರಂಡಹಳ್ಳಿಯಲ್ಲಿ ಅಕ್ಕ ಗಾಡಿ ನಿಲ್ಲಿಸಿ ಟವೆಲ್ ಗಂಟು ಹೊತ್ತು ಹೋದಾಗ ಅದು ಹೊಡೆದುಕೊಳ್ಳಲು ಶುರುವಾಗಿ, ಜನ ಸೇರಿ, ಗಾಡಿ ಸುತ್ತ ದೊಣ್ಣೆ ಹಿಡಿದು ನಿಂತರಂತೆ. ಅಣ್ಣನ ಫೋನು ಬಂತು. ಹಿನ್ನೆಲೆಯಲ್ಲಿ ಸೈರನ್, ಅದರ ಮೇಲೆ ಅವರ ಕೂಗು.

"ತಂಗೀ, ಇದ್ನ ನಿಲ್ಸು! ನಾನ್ ಕಳ್ಳ ಅಲ್ಲ ಅಂತ ಬಾಯ್ ಬಡ್ಕೊಂಡ್ರೂ ಈ ಜನ ನಂಬ್ತಿಲ್ಲ. ನನ್ ಮನೇಲಿ ನಾನ್ ಮಗ್ಗುಲು ತಿರ್ಗಂಗಿಲ್ವಾ?"

ಗಾಡಿ ಮತ್ತೆ ಬಂತು. ಸೈರನ್ನಿನ ಸೂಕ್ಷ್ಮತೆ ಕಡಿಮೆ ಮಾಡಿದೆ. ಆಗ ಗಾಜಿನ ಮೇಲೆ ಸುತ್ತಿಗೆಯಲ್ಲಿ ಕುಟ್ಟಿದರೂ ಅದು ಉಸಿರೆತ್ತಲಿಲ್ಲ. ಹೆಚ್ಚು ಮಾಡಿದರೆ ಅಣ್ಣ ಕೆಮ್ಮಿದರೂ ಕಿರುಚುತ್ತದೆ. ಎರಡು ಸಲ ಜಾಗ ಬದಲಾಯಿಸಿದೆ, ಕೆಳಗೆ ರಬ್ಬರ್ ಕೊಟ್ಟೆ. ತಲೆ ಕೆಟ್ಟು, ಕೊನೆಗೆ ಅದಕ್ಕೊಂದು ಸ್ವಿಚ್ ಹಾಕಿದೆ. ಅಣ್ಣ ಒಳಗಿದ್ದಾಗ ಆಫ್, ಇಲ್ಲದಾಗ ಆನ್.

"ಒಳ್ಗೆ ಆಳೈತಲ್ಲ, ಆಗ್ಯಾಕೆ ಸೈರನ್ನು?" ಅಂದಳು ಅಕ್ಕ. ನನಗೂ ಸರಿ ಅನ್ನಿಸಿತು.

ಅದಾದ ಮೇಲೆ ಒಂದು ಮಧ್ಯಾಹ್ನ. ಲಾರಿಯೊಂದರ ಹೆಡ್‌ಲೈಟ್ ವೈರಿಂಗ್ ಎಳೆಯುತ್ತಿದ್ದೆ, ಅಣ್ಣನ ಫೋನು ಬಂತು. ಸೈರನ್ ಗೋಳಿರಬೇಕು ಅಂತ ಬೇಸರದಿಂದಲೇ ಎತ್ತಿದೆ.

"ತಂಗೀ, ಮೆಲ್ಗೆ ಮಾತಾಡು." ಅವರ ದನಿ ಗಂಟಲಲ್ಲೇ ಇತ್ತು. "ಗಾಡಿ ಓಡ್ತಾ ಐತೆ. ಓಡಿಸ್ತಾ ಇರೋದು ಅವ್ಳಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಪಿಸುಗುಟ್ಟಿದ್ದರಿಂದ ಗೊತ್ತಾದದ್ದು ಇಷ್ಟು. ಧರ್ಮಪುರಿ ಬಜಾರಿನಲ್ಲಿ ಅಕ್ಕ ಒಂದು ಅಂಗಡಿಗೆ ಟವೆಲ್ ಗಂಟು ಕೊಡಲು ಇಳಿದಿದ್ದಾಳೆ. ಜಾಗವಿಲ್ಲದೆ ಗಾಡಿಯನ್ನು ಇನ್ನೊಂದು ಗಾಡಿಗೆ ಅಡ್ಡ ನಿಲ್ಲಿಸಿದ್ದಾಳೆ. ಹಾಗೆ ನಿಲ್ಲಿಸುವಾಗ ಕೀಯನ್ನು ಗಾಡಿಯಲ್ಲೇ ಬಿಡುವುದು ನಮ್ಮ ಕಡೆಯ ಸಂತೆಯವರ ಮರ್ಯಾದೆ, ದಾರಿ ಸಿಗದವರು ತಾವೇ ತೆಗೆದು ಸರಿಸಿಕೊಳ್ಳಲಿ ಅಂತ. ಗೇರ್ ಬೀಗ ಹಾಕಿಲ್ಲ. ಗುಟ್ಟಿನ ಸ್ವಿಚ್ಚು ಓಡುವ ಕಡೆಗೇ ಇದೆ. ಒಳಗೆ ಆಳಿರುವುದರಿಂದ ಸೈರನ್ ಆಫ್. ಅವಳ ಫೋನು ಮುಂದೆ ಚಾರ್ಜಿಗೆ ಹಾಕಿದ್ದು ಅಲ್ಲೇ ಇದೆ. ಅಣ್ಣ ನಿದ್ದೆ ಹೋಗಿದ್ದರು. ಟೋಲ್ ಗೇಟಿನ ಉಬ್ಬುಗಳು ಕುಲುಕಿ ಎಚ್ಚರವಾಯಿತು. ಮುಂದಿನ ಸೀಟಿಗೂ ಮಂಚಕ್ಕೂ ನಡುವೆ ಪ್ಲೈವುಡ್ ಗೋಡೆ, ಕಾಣಿಸುವುದಿಲ್ಲ. ಆದರೆ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಆ ರೀತಿ ಹೆಂಡತಿಯದಲ್ಲ ಅಂತ ತಿಳಿದುಹೋಗಿದೆ. ಅವಳಿಗೆ ಫೋನ್ ಮಾಡಿದರೆ ಮುಂದೆಯೇ ರಿಂಗಾಗಿ ಯಾರೋ ಕಟ್ ಮಾಡಿದರು. ಮಂಚದ ಮೇಲಿನ ಫ್ಯೂಸ್ ಡಬ್ಬಿಗೆ ನಾನು ನನ್ನ ನಂಬರಿನ ಸ್ಟಿಕ್ಕರ್ ಅಂಟಿಸಿದ್ದೆ, ಕಣ್ಣಿಗೆ ಬಿದ್ದದ್ದು ಅದು.

ಮೂರು ಬಗೆ ಬೀಗ ಹಾಕಿಕೊಟ್ಟಿದ್ದೆ, ಮೂರೂ ತೆರೆದಿದ್ದವು. ನಾವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು ಕಳ್ಳ ಅನ್ನುತ್ತಾರೆ. ಇವನಿಗೆ ತೂರುವ ಕಷ್ಟವನ್ನೂ ನಾವು ಕೊಟ್ಟಿರಲಿಲ್ಲ, ಬಾಗಿಲು ತೆರೆದು ಕೂರಿಸಿದ್ದೆವು.

"ಹಿಂದೆ ಆಳಿರೋದು ಅವ್ನಿಗೆ ಗೊತ್ತಾ ಅಣ್ಣಾ?"

"ಗೊತ್ತಿಲ್ಲ ಅನ್ಸುತ್ತೆ. ಹಾಡು ಆಕ್ಕೊಂಡವ್ನೆ."

ಲೇತ್ ಮಾವನನ್ನು ಕೂಗಿ, ಅವರ ಫೋನಿನಿಂದ ಪೊಲೀಸಿಗೆ ಹೇಳಿಸಿದೆ. ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟ್ರ್ಯಾಕರ್ ತೆರೆದೆ. ಚುಕ್ಕಿ ಟೋಲ್ ದಾಟಿ ಸೇಲಂ ಕಡೆ ಬರುತ್ತಿತ್ತು. ಕೆಂಪು ಬಟನ್ ಅಲ್ಲೇ ಇತ್ತು. ಇಷ್ಟು ದಿನ ಕಾದಿದ್ದು ಇದಕ್ಕೇ ಅಲ್ಲವೇ? ಒತ್ತಿದೆ. ಖಚಿತವೇ ಅಂತ ಕೇಳಿತು.

ಲೇತ್ ಮಾವ ಪೊಲೀಸರ ಮಾತನ್ನು ಕೇಳುತ್ತಲೇ ನನಗೆ ಹೇಳುತ್ತಿದ್ದರು. "ಇಂಜಿನ್ ಕಟ್ ಪಣ್ಣ ಮುಡಿಯುಮಾ ಅಂತ ಕೇಳ್ತವ್ರಮ್ಮ. ಆಗೋದಾದ್ರೆ ಉಡನೇ, ಈಗ್ಲೇ ಕಟ್ ಮಾಡು ಅಂತವ್ರೆ!"

ಬೆರಳು ಇಳಿಯುತ್ತಿತ್ತು. ಅಣ್ಣನಿಗೆ ಹೇಳಿಯೇ ಒತ್ತೋಣ ಅಂತ ಯಾಕೋ ಅನ್ನಿಸಿತು. "ಅಣ್ಣಾ, ಗಟ್ಟಿಯಾಗಿ ಸರಳು ಹಿಡ್ಕಳಿ. ಇಂಜಿನ್ ನಿಲ್ಲಿಸ್ತೀನಿ."

"ಬ್ಯಾಡ! ಬ್ಯಾಡಮ್ಮ, ಕಟ್ ಮಾಡ್ಬ್ಯಾಡ." ಪಿಸುದನಿ ಹೋಗಿ ನಡುಕ ಬಂದಿತ್ತು. "ಘಾಟ್ ಇಳೀತಾ ಐತೆ. ಈ ಮುಂಡೇಗಂಡ ನ್ಯೂಟ್ರಲ್ ಆಕವ್ನೆ."

ತೊಪ್ಪೂರು ಘಾಟು ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಧರ್ಮಪುರಿಯಿಂದ ಸೇಲಂಗೆ ಬರುವಾಗ ಹೆದ್ದಾರಿ ಬೆಟ್ಟದ ನಡುವೆ ಉದ್ದಕ್ಕೆ ಇಳಿಯುತ್ತದೆ. ಡೀಸೆಲ್ ಉಳಿಯುತ್ತೆ ಅಂತ ನಮ್ಮ ಕಡೆಯ ಡ್ರೈವರುಗಳಿಗೆ ಒಂದು ಕೆಟ್ಟ ಚಾಳಿ, ಇಳಿಜಾರು ಬಂದ ತಕ್ಷಣ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಜಾರಲು ಬಿಡುವುದು. ಬೇಡ ಅಂತ ಬೋರ್ಡುಗಳಿವೆ. ಓದುವವರು ಯಾರು? ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಎಲ್ಲ ಭಾರವೂ ಬ್ರೇಕಿನ ಮೇಲೆ. ಒತ್ತಿ ಒತ್ತಿ ಬ್ರೇಕ್ ಕಾದು, ಕಾದ ಮೇಲೆ ಹಿಡಿಯುವುದೇ ಇಲ್ಲ. ಇವರದೋ ಮಂಚ, ಟ್ಯಾಂಕು, ಬ್ಯಾಟರಿ ಎಲ್ಲ ಸೇರಿ ಭಾರದ ಗಾಡಿ. ಈಗ ನಾನು ಇಂಜಿನ್ ನಿಲ್ಲಿಸಿದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಹೋಗುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ. ಹಿಂದೆ ಮುಂದೆ ಲಾರಿಗಳು. ಅಂಗಳದಲ್ಲಿ ನಿಂತ ಗಾಡಿಯ ಮೇಲೆ ಪರೀಕ್ಷೆ ಮಾಡಿ ಊರಿಗೆಲ್ಲ ತೋರಿಸಿದ್ದ ನನಗೆ ಈ ಯೋಚನೆಯೇ ಬಂದಿರಲಿಲ್ಲ.

"ಮಾವಾ, ಕಟ್ ಮಾಡಲ್ಲ ಅಂತ ಹೇಳಿ ಅವರಿಗೆ. ಘಾಟ್ ಕೆಳಗೆ ಕಾದು ನಿಲ್ಲೋಕೆ ಹೇಳಿ." ಫೋನಿನಲ್ಲಿ ಖಚಿತವೇ ಅನ್ನುವ ಪ್ರಶ್ನೆ ಹಾಗೇ ನಿಂತಿತ್ತು. ಎಲ್ಲಿ ತಪ್ಪಿ ಹೌದು ಅಂತ ಒತ್ತಿಬಿಡುತ್ತೇನೋ ಅಂತ ಎರಡು ಸಲ ಓದಿಕೊಂಡು ಅದನ್ನು ಮುಚ್ಚಿದೆ.

"ಬ್ರೇಕ್ ಲೈನರ್ ವಾಸ್ನೆ ಬರ್ತಾ ಐತೆ," ಅಂದರು ಅಣ್ಣ. ಪರದೆಯ ಮೇಲೆ ವೇಗ ಎಂಬತ್ತು ದಾಟಿತ್ತು.

"ಅಣ್ಣಾ, ಕೂಗಿ."

"ಆಂ?"

"ಅವ್ನನ್ನ ಕೂಗಿ. ಗೇರ್ ಹಾಕೋಕೆ ಹೇಳಿ. ಅವ್ನಿಗೆ ಆ ರೋಡು ಗೊತ್ತಿಲ್ಲ, ನಿಮಗೆ ಗೊತ್ತು."

"ಕೂಗಿದ್ರೆ ಬೆಚ್ಚಿಬಿದ್ದು ಗಾಡಿ ಬುಟ್ಬುಟ್ರೆ? ಇಲ್ಲಾಂದ್ರೆ ಕೆಳಗೆ ನಿಲ್ಸಿ ನನ್ನ ಎಸೆದೋದ್ರೆ? ನಂಗೆ ಎದ್ದು ಓಡಾಕೂ ಆಗಲ್ಲ ತಂಗೀ." ಅವರು ಅಳುತ್ತಿದ್ದರು. ಏನು ಹೇಳಲಿ? ಹೀಗಾಗಲ್ಲ ಅಂತ ಹೇಳಲು ನನಗೇನು ಗೊತ್ತು?

"ಕೂಗದೆ ಇದ್ರೆ ಕೆಳಗೇ ಮುಟ್ಟಲ್ಲ ಅಣ್ಣಾ," ಅಂದೆ. "ನಿಮ್ ಗಾಡಿ. ನೀವೇ ಇಳಿಸ್ಬೇಕು."

ಆಮೇಲೆ ನನ್ನ ಕಿವಿ ಒಡೆದುಹೋಗುವಂತೆ ಒಂದು ದನಿ ಬಂತು. ಆ ದನಿಯನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ.

"ಡೇಯ್! ಗೇರ್ ಆಕ್ಲಾ! ನ್ಯೂಟ್ರಲ್ ಯಾಕ್ಲಾ ಆಕ್ದೆ, ಸಾಯಾಕಾ?"

ಮುಂದಿನಿಂದ ಒಂದು ಚೀತ್ಕಾರ. ಗಾಡಿ ಓಲಾಡಿರಬೇಕು, ಪಾತ್ರೆಗಳು ಉರುಳಿದ ಸದ್ದು ಕೇಳಿಸಿತು. ಲಾರಿಯೊಂದು ಉದ್ದಕ್ಕೆ ಹಾರನ್ ಬಾರಿಸಿಕೊಂಡು ಹೋಯಿತು.

"ಯಾರು? ಯಾರು ಅದು?"

"ಯಾರಾದ್ರೇನ್ಲಾ, ರೋಡ್ ನೋಡು! ಎಡಕ್ಕೆ ಬಾ, ಎಡಕ್ಕೆ! ಬ್ರೇಕ್ ತುಳ್ಕೊಂಡೇ ಇರ್ಬ್ಯಾಡ, ಬುಟ್ಟು ಬುಟ್ಟು ತುಳಿ."

"ಅಣ್ಣಾ, ಬ್ರೇಕ್ ಪುಡಿಕ್ಕಲೆ! ಬ್ರೇಕ್ ಹಿಡೀತಿಲ್ಲ ಅಣ್ಣಾ!" ಕಳ್ಳ ತಮಿಳು ಕನ್ನಡ ಎರಡರಲ್ಲೂ ಅಳುತ್ತಿದ್ದ. ದನಿ ಕೇಳಿದರೆ ಮೀಸೆ ಬಲಿತ ಗಂಡಸೇ. ಆಗ ಮಾತ್ರ ತಾಯಿಯನ್ನು ಕರೆಯುತ್ತಿದ್ದ.

"ಹಿಡಿಯಲ್ಲ, ಕಾದೋಗೈತೆ. ಅಳ್ಬ್ಯಾಡ, ನಾನಿವ್ನಿ. ಏಳ್ದಂಗೆ ಮಾಡು. ಕ್ಲಚ್ ತುಳಿ. ಈಗ ರೇಸ್ ಕೊಡು. ಇನ್ನೂ ಕೊಡು, ಇಂಜಿನ್ ಕೂಗ್ಬೇಕು. ಈಗ ನಾಲ್ಕನೇ ಗೇರು ಆಕು. ನೂಕು!"

ಗೇರು ಕರಕರ ಅಂತ ಹಲ್ಲು ಕಡಿಯಿತು. ಬೀಳಲಿಲ್ಲ.

"ರೇಸ್ ಸಾಲ್ದು! ತಿರ್ಗಾ. ಕ್ಲಚ್ ತುಳಿ, ರೇಸು, ನೂಕು!"

ಈ ಸಲ ಇಂಜಿನ್ ದನಿ ಒಮ್ಮೆಲೇ ಏರಿತು. ಗಾಡಿಯನ್ನು ಹಿಂದಿನಿಂದ ಯಾರೋ ಹಿಡಿದು ಎಳೆದಂತೆ ಆ ಗೋಳಾಟ ಕೇಳಿಸಿತು. ನಾನು ಒತ್ತಿದ್ದರೆ ಆ ರೇಸ್ ಕೊಡಲು ಇಂಜಿನ್ನೇ ಇರುತ್ತಿರಲಿಲ್ಲ.

"ಶಾಬಾಸ್. ಹಂಗೇ ಬುಡು. ಹ್ಯಾಂಡ್‌ಬ್ರೇಕ್ ಮೆಲ್ಮೆಲ್ಗೆ ಎಳಿ, ಪೂರ್ತಿ ಎಳೀಬ್ಯಾಡ. ಮುಂದೆ ಏನೈತೆ?"

"ಲಾರಿ. ಟ್ಯಾಂಕರ್ ಅಣ್ಣಾ."

"ಓವರ್‌ಟೇಕ್ ಮಾಡ್ಬ್ಯಾಡ. ಅಲ್ಲಿ ಬಲಕ್ಕೆ ತಿರುವು ಐತೆ, ಆಮ್ಯಾಕೆ ಸೇತುವೆ. ಲೈಟ್ ಆಕು, ಹಾರನ್ ಹೊಡಿ. ಈಗ ಮೂರಕ್ಕೆ ತಗೋ. ರೇಸು, ಕ್ಲಚ್ಚು..."

ಅಲ್ಲಿಗೆ ಶಬ್ದ ಕಡಿದುಹೋಯಿತು. ಚುಕ್ಕಿ ತಿರುವಿನಲ್ಲಿ ನಿಂತುಬಿಟ್ಟಿತು. ಬೆಟ್ಟದ ನಡುವೆ ಸಿಗ್ನಲ್ ಹೋದರೂ ಚುಕ್ಕಿ ನಿಲ್ಲುತ್ತದೆ, ಗಾಡಿ ಟ್ಯಾಂಕರಿಗೆ ಗುದ್ದಿದರೂ ನಿಲ್ಲುತ್ತದೆ. ಫೋನ್ ಮಾಡಿದೆ, ಸಂಪರ್ಕವಿಲ್ಲ. ಮತ್ತೆ ಮಾಡಿದೆ. ಲೇತ್ ಮಾವ "ಏನಾಯ್ತಮ್ಮ, ಏನಾಯ್ತು" ಅಂತ ಕೇಳುತ್ತಲೇ ಇದ್ದರು, ಅವರ ಮೇಲೆ ರೇಗಿದೆ. ಕೂಗಿ ಅಂದವಳು ನಾನು. ಮೊದಲೇ ಒತ್ತಬೇಕಿತ್ತಾ? ಕೂಗಿಸಲೇ ಬಾರದಿತ್ತಾ? ಚುಕ್ಕಿ ಇದ್ದಲ್ಲೇ ಇತ್ತು. ಮಾವನ ಬೈಕಿನ ಹಿಂದೆ ಹತ್ತಿ ಕೂತು, ನಡೀರಿ ಮಾವ ಅಂದೆ. ಓಮಲೂರು ದಾರಿಯಲ್ಲಿ ಗಾಳಿಗೆ ಕಣ್ಣೀರು ಕೆನ್ನೆಗೆಲ್ಲ ಹರಡುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಎರಡು ಕೈಯಲ್ಲೂ ಫೋನು ಹಿಡಿದಿದ್ದೆ.

ಅದು ರಿಂಗಾಯಿತು.

"ನಿಂತೈತೆ," ಅಂದರು ಅಣ್ಣ. "ಘಾಟ್ ಕೆಳಗೆ, ಎಡಕ್ಕೆ, ಮಣ್ಣಲ್ಲಿ ನಿಂತೈತೆ. ಹ್ಯಾಂಡ್‌ಬ್ರೇಕ್ ಆಕ್ಸಿದೀನಿ. ಚಕ್ರಕ್ಕೆ ಕಲ್ಲು ಕೊಟ್ಟು ಆಮ್ಯಾಕೆ ಎಲ್ಲಾದ್ರೂ ಓಗು ಅಂದೆ. ಕಲ್ಲು ಕೊಟ್ಟೇ ಓಡೋದ."

"ಈಗ ಒತ್ಲಾ ಅಣ್ಣಾ?"

"ಈಗ ಒತ್ತಮ್ಮ."

ಒತ್ತಿದೆ. ಅವರ ಕಡೆ ಇಂಜಿನ್ ನಿಂತದ್ದು ನನಗೆ ಫೋನಿನಲ್ಲೇ ಕೇಳಿಸಿತು.

ನಾವು ಹೋಗಿ ಸೇರುವ ಹೊತ್ತಿಗೆ ಒಬ್ಬ ಹೈವೇ ಪೊಲೀಸಿನವರು ಗಾಡಿಯ ಪಕ್ಕ ನಿಂತಿದ್ದರು. ಡ್ರೈವರ್ ಬಾಗಿಲು ತೆರೆದೇ ಇತ್ತು, ಕೆಳಗೆ ಒಂದು ಜೊತೆ ಚಪ್ಪಲಿ ಬಿದ್ದಿದ್ದವು. ಹಿಂದಿನ ಚಕ್ರಕ್ಕೆ ಒಳ್ಳೆಯ ಗಾತ್ರದ ಕಲ್ಲು ಕೊಟ್ಟಿತ್ತು, ಸರಿಯಾದ ಕಡೆಗೇ. ಬ್ರೇಕ್ ಡ್ರಮ್ಮಿನಿಂದ ಇನ್ನೂ ಹೊಗೆಯ ವಾಸನೆ ಬರುತ್ತಿತ್ತು. ಆ ಕಳ್ಳ ಸಿಕ್ಕನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಿಂದಿನ ಬಾಗಿಲು ತೆಗೆದೆ. ಅಕ್ಕಿ, ಬೇಳೆ, ಪಾತ್ರೆ ಎಲ್ಲ ನೆಲದ ಮೇಲೆ. ಅಣ್ಣ ಎರಡು ಕೈಯಲ್ಲೂ ಚಾವಣಿಯ ಸರಳು ಹಿಡಿದು ಅರ್ಧ ಕೂತಿದ್ದರು. ಬೆರಳು ಬಿಡಿಸಿಕೊಳ್ಳಲು ಅವರಿಂದ ಆಗುತ್ತಿರಲಿಲ್ಲ. ಮಾವ ಒಂದೊಂದೇ ಬೆರಳು ಬಿಡಿಸಿದರು, ನಾನು ನೀರು ಕುಡಿಸಿದೆ.

ನಾನು ಮುಂದೆ ಹೋಗಿ ಪ್ಲಾಸ್ಟಿಕ್ ಬಿಚ್ಚಿದೆ. ಫೋನಿನಿಂದಲೇ ಇಂಜಿನ್ನನ್ನು ಮತ್ತೆ ಚಾಲೂ ಮಾಡಬಹುದಿತ್ತು. ಮಾಡಲಿಲ್ಲ. ಟ್ರ್ಯಾಕರಿಗೆ ಅಂತ ಬೇರೆಯಾಗಿ ಹಾಕಿದ್ದ ರಿಲೇಯ ವೈರನ್ನು ಕತ್ತರಿಸಿ, ಆ ರಿಲೇ ಕಿತ್ತು ಹೊರಗಿಟ್ಟೆ. ಡೀಸೆಲ್ ದಾರಿಯ ವೈರಿನ ಎರಡು ತುದಿಯನ್ನೂ ಸುಲಿದು, ಹೊಸೆದು, ಟೇಪು ಸುತ್ತಿದೆ. ಗಾಡಿ ಎಲ್ಲಿದೆ ಅಂತ ಚುಕ್ಕಿ ತೋರಿಸಲಿ, ಸಾಕು. ಓಡುವ ಗಾಡಿಯನ್ನು ಎಲ್ಲೋ ಕೂತು ನಿಲ್ಲಿಸುವ ಅಧಿಕಾರ ನನಗೂ ಬೇಡ, ಯಾರಿಗೂ ಬೇಡ.

ಅಷ್ಟರಲ್ಲಿ ಧರ್ಮಪುರಿ ಕಡೆಯಿಂದ ಪೊಲೀಸ್ ಜೀಪು ಬಂತು. ಅದು ನಿಲ್ಲುವ ಮುಂಚೆಯೇ ಅಕ್ಕ ಹಾರಿ ಇಳಿದಳು. ಸೆರಗು ಎಲ್ಲೋ, ಕೂದಲು ಎಲ್ಲೋ. ಹಿಂದಿನ ಬಾಗಿಲಿಂದ ಹತ್ತಿ ಹೋಗಿ ಗಂಡನ ಎದೆಗೆ, ಭುಜಕ್ಕೆ ಪಟಪಟ ಹೊಡೆದಳು. "ಓಯ್ತು ಅಂದ್ಕೊಂಡೆ! ಗಾಡಿ ಓದ್ರೆ ಓಗ್ಲಿ, ನೀನು... ನೀನು..." ಅಂತ ಹೊಡೆಯುತ್ತಲೇ ಅವರನ್ನು ತಬ್ಬಿ ಹೋ ಅಂತ ಅತ್ತಳು.

ಅವಳ ಅಳು ತುಸು ನಿಲ್ಲುವವರೆಗೂ ಅಣ್ಣ ಬೆನ್ನು ಸವರುತ್ತಿದ್ದರು. ಆಮೇಲೆ ಮೆಲ್ಲಗೆ ಅಂದರು, "ಘಾಟ್ ಇಳ್ಸಿದೆ ಕಣೇ."

"ಯಾರು?"

"ನಾನು. ಸ್ಟೇರಿಂಗ್ ಅವ್ನ ಕೈಲಿತ್ತು. ಗಾಡಿ ಇಳ್ಸಿದ್ದು ನಾನು."

ಅಕ್ಕ ತಲೆಯೆತ್ತಿ ಅವರ ಮುಖ ನೋಡಿದಳು. ಆ ಪ್ಲೈವುಡ್ ಗೋಡೆ ಹಾಕಿಸಿದ್ದು ಅಣ್ಣನೇ ಅಂತ ಅವಳು ನನಗೆ ಹೇಳಿದ್ದು ಆಗ. ಬೇರೆಯವರು ಓಡಿಸುವಾಗ ರಸ್ತೆ ನೋಡಲಾರೆ ಅಂತ ಹಠ ಹಿಡಿದಿದ್ದರಂತೆ. ಗಾಡಿ ಮಾಡಿಸಿದ ಮೇಲೆ ಒಮ್ಮೆಯೂ ಮುಂದೆ ಕೂತವರಲ್ಲ.

"ಮುಂದೆ ಕೂತ್ಕೊತೀಯಾ?" ಅಂತ ಕೇಳಿದಳು.

ಅಣ್ಣ ಎರಡು ಕೈಯನ್ನೂ ನಮ್ಮ ಕಡೆ ಚಾಚಿದರು. ಮಾವ, ಪೊಲೀಸಿನವರು, ನಾನು ಮೂವರೂ ಸೇರಿ ಎತ್ತಿ ಎಡಗಡೆಯ ಸೀಟಿನಲ್ಲಿ ಕೂರಿಸಿದೆವು. ಸೊಂಟ ನಿಲ್ಲುವುದಿಲ್ಲವಲ್ಲ, ಗಂಟಿನಿಂದ ಹೊಸ ಟವೆಲ್ಲುಗಳನ್ನು ತೆಗೆದು ಎದೆಗೆ, ಹೊಟ್ಟೆಗೆ ಸೀಟಿನ ಸಮೇತ ಸುತ್ತಿ ಅಕ್ಕ ಗಂಟು ಹಾಕಿದಳು. ಬ್ರೇಕು ಆರಿ ಹಿಡಿಯುವವರೆಗೂ ಕಾದು, ಹತ್ತಾರು ಸಲ ತುಳಿದು ನೋಡಿ, ಎರಡನೇ ಗೇರಿನಲ್ಲಿ ಮೆಲ್ಲಗೆ ಹೊರಟಳು. ಅವಳ ಕೈ ನ್ಯೂಟ್ರಲ್ ಕಡೆ ಹೋಗುವ ಮುಂಚೆಯೇ ಅಣ್ಣ ಬೈಯುತ್ತಿದ್ದುದು ನಮಗೂ ಕೇಳಿಸಿತು.

ನಾವು ಬೈಕಿನಲ್ಲಿ ಹಿಂದೆಯೇ ಹೊರಟೆವು. ಗಾಡಿ ಆಮೆಯಂತೆ ಹೋಗುತ್ತಿತ್ತು, ಹಿಂದೆ ಬಸ್ಸು, ಕಾರುಗಳು ಸಾಲುಗಟ್ಟಿದವು. ಆಗ ಎಡಗಡೆಯ ಕಿಟಕಿಯಿಂದ ಒಂದು ಕೈ ಹೊರಬಂತು. ಲಾರಿಯವರು ಹಿಂದಿನ ಗಾಡಿಗೆ ದಾರಿ ಬಿಡುವಾಗ ಮಾಡುತ್ತಾರಲ್ಲ, ಹಾಗೆ ಅಂಗೈಯನ್ನು ಮೇಲಿಂದ ಮುಂದಕ್ಕೆ ಬೀಸಿ, ಬಾ ಬಾ ಅಂದಿತು. ಎದುರಿಗೆ ತಿರುವು ಬಂದಾಗ ಅಂಗೈ ಕೆಳಗೆ ಮಾಡಿ, ತಡಿ ಅಂದಿತು. ತಿರುವು ಕಳೆದ ಮೇಲೆ ಮತ್ತೆ ಬೀಸಿತು. ಬಸ್ಸಿನವನು ಒಂದು ಹಾರನ್ ಕೊಟ್ಟು ಮುಂದೆ ಹೋದ. ಕಾರುಗಳು ಒಂದೊಂದೇ ಹೋದವು.

"ಕರೀತವ್ರಲ್ಲಮ್ಮ, ನಾವೂ ಓಗಣ್ವಾ?" ಅಂದರು ಮಾವ.

"ಬ್ಯಾಡ ಮಾವ," ಅಂದೆ. "ಹಿಂದೇನೇ ಹೋಗಿ."

ಸೇಲಂ ಬರುವವರೆಗೂ ಆ ಕೈ ಒಳಗೆ ಹೋಗಲಿಲ್ಲ.